ಗೋಡೆಯಲ್ಲಿ ಹುಟ್ಟಿದ ಅರಳಿ

ಪೇಟೆ ನಡುವೆ ಪಾಳುಬಿದ್ದಿದ್ದ ಹಳೇ ಮಾರುಕಟ್ಟೆಯ ಗೋಡೆಯ ಬಿರುಕಿನಲ್ಲಿ ಒಂದು ಅರಳಿ ಸಸಿ ಹುಟ್ಟಿತು.

“ನನ್ನೊಳಗೆ ಬೇರು ಬಿಡಬೇಡ,” ಎಂದಿತು ಗೋಡೆ. “ನನ್ನನ್ನು ದುರಸ್ತಿ ಮಾಡಿ ಬಾಗಿಲು ತೆರೆಯುತ್ತಾರಂತೆ. ನನ್ನ ಮುಂದೆ ಬಿಸಿಲಲ್ಲಿ ಕೂತು ಬಳೆ ಮಾರುವ ನೀಲವ್ವನಿಗೆ ಒಳಗೊಂದು ಮಳಿಗೆ ಸಿಗುತ್ತದೆ.”

“ಬೇರು ಬಿಡುವುದು ನನ್ನ ಹುಟ್ಟುಗುಣ. ಕೈ ಇರುವವರಿಗೆ ಹೇಳು. ಈಗಾದರೆ ಎರಡು ಬೆರಳಲ್ಲಿ ಕೀಳಬಹುದು,” ಎಂದಿತು ಸಸಿ.

ಅದನ್ನು ಕೇಳಿ ನೀಲವ್ವ ಕೈ ಚಾಚಿದಳು. ಪುರಸಭೆಯ ಸದಸ್ಯರು ಓಡಿಬಂದರು.

“ಏ ನೀಲವ್ವಾ, ಅಶ್ವತ್ಥಕ್ಕೆ ಕೈ ಹಚ್ತೀಯಾ? ಊರಿಗೇ ಕೇಡು!”

“ಗೋಡೆ ಬಿದ್ದರೆ ಯಾರಿಗೆ ಕೇಡ್ರೀ ಯಪ್ಪಾ?”

ಅವರು ಸಸಿಗೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಹೋದರು.

“ನಿನಗೆ ಪೂಜೆ, ನನಗೆ ಸಾವು,” ಎಂದಿತು ಗೋಡೆ.

“ಪೂಜೆ ಮಾಡಿ ಅಂತ ನಾನು ಕೇಳಲಿಲ್ಲ,” ಎಂದಿತು ಸಸಿ.

ವರ್ಷಗಳು ಕಳೆದವು. ದುರಸ್ತಿ ಆಗಲಿಲ್ಲ, ಮಾರುಕಟ್ಟೆ ಕುಸಿಯಿತು. ನೆಲದವರೆಗೆ ಬೇರಿಳಿಸಿದ್ದ ಅರಳಿ ಮಾತ್ರ ನಿಂತಿತು. ಸದಸ್ಯರು ಬಿದ್ದ ಕಲ್ಲುಗಳಿಂದಲೇ ಅದಕ್ಕೊಂದು ಕಟ್ಟೆ ಕಟ್ಟಿಸಿ, ಮೇಲೆ ತಮ್ಮ ಹೆಸರು ಕೆತ್ತಿಸಿದರು.

ನೀಲವ್ವ ಅದರ ನೆರಳಿಗೆ ಬಂದು ಬಳೆಯ ಬುಟ್ಟಿ ಇಳಿಸಿದಳು.

“ಏಳು ಏಳು,” ಎಂದರು ಸದಸ್ಯರು. “ದೇವರ ಜಾಗದಲ್ಲಿ ವ್ಯಾಪಾರ ಮಾಡ್ತಾರಾ?”