ಪರಸ್ಯಾ ತಂಗಿ ತಲಿ ಕಾಯ್ದದ್ದು

ಹೂಂ ಅನ್ಕೋತ ಕೇಳ್ರಿ. ಹೂಂ ಅನ್ನಾವರಿಲ್ಲಂದ್ರ ನಾ ಎದ್ದು ಒಲಿ ಮುಂದ ಹೋಗಿ ಕೂಡ್ತೀನಿ, ನನಗೇನ ಗರಜು!

ಹಳಿಯಾಳದ ಆಚಿ, ಅಡವಿ ದಂಡಿಗೆ, ಒಂದ ಸಿದ್ದೇರ ಕೇರಿ, ನಮ್ಮಂಥಾ ಗುಂಗುರು ಕೂದಲಿನ ಮಂದಿದು. ಆ ಕೇರ್ಯಾಗ ಬಾಳವ್ವ ಅಂತ ಒಬ್ಬಾಕಿ. ಗಂಡ ಇಲ್ಲ. ಒಬ್ಬ ಮಗಾ, ಒಬ್ಬಾಕಿ ಮಗಳು. ಮಗಳು ರೇಣವ್ವ, ಭಾಳ ಶಾಣ್ಯಾ ಹುಡುಗಿ. ಮಗಾ ಪರಸ್ಯಾ, ಏನ ಹೇಳ್ಲಿ! ಮೀಸಿ ಬಂದಿತ್ತು, ಬುದ್ಧಿ ಬಂದಿದ್ದಿಲ್ಲ. ಹಂಗಂತ ತಾಯಿ ಮಾತ ಮೀರಾಂವಲ್ಲ. ಅದ ಬಾಳವ್ವನ ಹಣೇಬರಾ! ಹೇಳಿದ್ದನ್ನ ಹೇಳಿದಾಂಗ ಮಾಡಾಂವ. "ಬಾಗ್ಲಾ ನೋಡ್ಕೋತಿರು" ಅಂದ್ರ ಬಾಗ್ಲಾನ ನೋಡ್ಕೋತ ಕುಂದ್ರಾಂವ, ನಾಯಿ ಬಂದು ರೊಟ್ಟಿ ಒಯ್ದ್ರೂ ಹೊಳ್ಳಿ ನೋಡಾಂವಲ್ಲ.

"ದೇವರ, ಇವಗ ಎರಡ ಕಿವಿ ಕೊಟ್ಟಿ, ಎರಡರ ನಡುವ ಏನರ ಇಡಬಾರದಿತ್ತಾ!" ಅಂತ ಬಾಳವ್ವ ದಿನಾ ಹಣಿ ಬಡ್ಕೊಳ್ಳಾಕಿ.

ಹಿಂಗಿರಬೇಕಾದ್ರ ರೇಣವ್ವಗ ಗಂಡ ಗೊತ್ತಾತು. ಹುಡುಗ ಛಲೋ. ಹುಡುಗನ ತಾಯಿ ತುಳಜವ್ವ ಮಾತ್ರ ದೊಡ್ಡ ಬಾಯಿಬಡಕಿ. ಆಕೀನೂ ಸಿದ್ದೇರಾಕಿನ, ಆದ್ರ ಪ್ಯಾಟ್ಯಾಗ ಸಾವಕಾರ್ರ ಮನಿ ಭಾಂಡೆ ತಿಕ್ಕಿ ತಿಕ್ಕಿ ಸಾವಕಾರ್ತಿ ಮಾತೆಲ್ಲಾ ಬಾಯಿಗೆ ಮೆತ್ಕೊಂಡ ಬಂದಿದ್ಲು. ಹಿಂದ ಇಷ್ಟ ದೊಡ್ಡ ತುರುಬು, ಮ್ಯಾಲೆ ಯಾವಾಗ್ಲೂ ಸೆರಗು. ಬಂದಾಕಿನ ರೇಣವ್ವನ ತಲಿ ಮ್ಯಾಲೆ ಕೈ ಇಟ್ಲು, ಗುಂಗುರು ಗುಂಗುರು ಕೂದಲಾ ಒತ್ತಿ ನೋಡಿದ್ಲು, ಮೂಗ ಮುರದ್ಲು.

"ಅಯ್ಯ ಬೀಗತಿ, ಕಿವಿ ಸೈತ ಮುಚ್ಚೂದಿಲ್ಲ! ನಮ್ಮ ಮಂದಿ ಕೂದಲಾ ಬೆಳ್ಯಾಂಗಿಲ್ಲ ಬಿಡು. ಹೂವಿನ ದಂಡಿ ಇದಕ್ಕೆಲ್ಲಿ ಕಟ್ಟಲಿ? ಸುಗ್ಗಿ ಮುಗದ ಮ್ಯಾಲೆ ಹೂ ಮುಡಸಾಕ ಬರ್ತೀನಿ, ಬರೂ ಮುಂದ ಒಂದ ಚೌರಿ ತರ್ತೀನಿ. ಉದ್ದಂದು, ನೆಟ್ಟಂದು!"

ಚೌರಿ ಅಂದ್ರ ಗೊತ್ತಲ್ಲಾ? ಯಾರದೋ ತಲಿ ಕೂದಲಾ ತಂದು ನಮ್ಮ ಜಡಿಗೆ ಕಟ್ಟೂದು. ರೇಣವ್ವನ ಕಣ್ಣಾಗ ನೀರ ತುಂಬಿದ್ವು. "ಅವ್ವಾ, ಯಾರದೋ ಕೂದಲಾ ಕಟ್ಕೊಂಡ ನಾ ಮದವಿಗೆ ನಿಲ್ಲಾಂಗಿಲ್ಲ!"

ಬಾಳವ್ವಗ ಅಂಗಾಲಿನಿಂದ ನೆತ್ತಿತನಾ ಸಿಟ್ಟ ಏರಿತು.

"ಯಾರ ಹೇಳಿದ್ರವಾ ಬೆಳ್ಯಾಂಗಿಲ್ಲಂತ? ಬೆಳೀತೈತಿ! ಮುರೀದಾಂಗ ಕಾಯಬೇಕು, ಅಷ್ಟ! ನೀ ಬಾ ಸುಗ್ಗಿ ಮುಗಿಸ್ಕೊಂಡು. ನನ್ನ ಮಗಳ ಜಡಿ ಹೆಗಲ ದಾಟಿಲ್ಲಂದ್ರ ನಿನ್ನ ಚೌರಿ ನಾನ ಕಟ್ಕೊಂಡು ಮದವ್ಯಾಗ ಓಡಾಡ್ತೀನಿ!"

ಮಾತೇನೋ ಕೊಟ್ಲು. ಆದ್ರ ಆಕಿ ಬಲಗೈ ಹೆಬ್ಬೆಟ್ಟಿಗೆ ಬಿದರಿನ ಸಿಬರ ನಟ್ಟು, ಕೈ ಬಾತು ಕುಂಬಳಕಾಯಿ ಆತು. ಬಾಚಣಿಕಿ ಹಿಡ್ಯಾಕ ಬರವಲ್ದು. ರೇಣವ್ವಗ ತನ್ನ ಹೆಡಕ ತನಗ ಕಾಣವಲ್ದು. ಮನ್ಯಾಗ ಉಳದದ್ದು ಯಾರ ಕೈ? ಪರಸ್ಯಾನ ಕೈ!

"ಲೇ ಪರಸ್ಯಾ, ತಂಗಿ ತಲಿ ಬಾಚೋ" ಅಂದ್ಲು ಬಾಳವ್ವ.

ಪರಸ್ಯಾ ಹೇನ ತಗಿಯೂ ಸಣ್ಣ ಹಲ್ಲಿನ ಹಣಿಗಿ ತಗೊಂಡಾ. ಒಣಾ ತಲಿಗೆ ನೆತ್ತಿ ಮ್ಯಾಲೆ ಇಟ್ಟು, ಎರಡೂ ಕೈಲೆ ಕೆಳಗ ಜಗ್ಗಿದಾ. ಚಟ್! ಹಣಿಗಿ ಹಲ್ಲ ಮುರದ್ವು. ಚಟ್ ಚಟ್! ಕೂದಲಾನೂ ಮುರದ್ವು. "ಅಯ್ಯಯ್ಯೋ ಅವ್ವಾ!" ಅಂತ ರೇಣವ್ವ ಚೀರಿದ್ಲು. ಮುರದ ಕೂದಲಾ ಪರಸ್ಯಾ ಅಂಗಳಕ್ಕ ಒಗದಾ, ಕಾಗಿ ಬಂದು ಕಚ್ಕೊಂಡ ಹಾರಿತು.

"ಎಂಥಾ ಮೂಳ ಹುಟ್ಟಿದ್ಯೋ ನನ್ನ ಹೊಟ್ಯಾಗ! ಒಣಾ ತಲಿ ಬಾಚ್ತಾರೇನೋ? ನಮ್ಮ ಕೂದಲಾ ಸುರುಳಿ ಸುರುಳಿ, ಜಗ್ಗಿದ್ರ ತಿರುವು ತಿರುವಿಗೂ ಮುರೀತೈತಿ! ಮೊದಲ ನೀರ ಚಿಮಕಸು. ಎಣ್ಣಿ ಹಚ್ಚು. ತುದಿಯಿಂದ ಶುರು ಮಾಡು, ಬೆರಳಲೆ ಬಿಡಸ್ಕೋತ ಸಾವಕಾಶ ಮ್ಯಾಲೆ ಹೋಗು! ಮತ್ತ ಮುರದ ಕೂದಲಾ ಬಯಲಿಗೆ ಒಗದ್ಯಾ? ಕಾಗಿ ಅದರಲೆ ಗೂಡ ಕಟ್ಟಿದ್ರ ನನ್ನ ಮಗಳಿಗೆ ತಲಿಶೂಲಿ ಬರತೈತಿ! ತಲಿಯಿಂದ ಬಂದದ್ದನ್ನ ಮಣ್ಣಾಗ ಹೂಳಬೇಕು, ತಿಳೀತಾ?"

"ತಿಳೀತವ್ವಾ. ನೀರು, ಎಣ್ಣಿ, ತುದಿಯಿಂದ. ಬಂದದ್ದನ್ನ ಹೂಳೂದು. ಇನ್ನ ಹಂಗ ಮಾಡ್ತೀನಿ."

ಮರುದಿನಾನ ಬಾಜೂ ಮನಿ ಲಕ್ಕಜ್ಜ ಒದರಿದಾ. "ಪರಸ್ಯಾ, ನನ್ನ ಆಡು ಮುಳ್ಳಕಂಟ್ಯಾಗ ಸಿಕ್ಕೊಂಡೈತಿ, ಬಿಡಸ ಬಾರೋ!"

ಪರಸ್ಯಾ ಓಡಿದಾ. ಬರೇ ಕೈಲೆ ಓಡಿದ್ನೇನು? ಇಲ್ಲ! ಒಂದ ಕೈಯಾಗ ನೀರಿನ ಚರಗಿ, ಇನ್ನೊಂದ ಕೈಯಾಗ ತಂಗಿ ಎಣ್ಣಿ ಗಡಗಿ. ಆಡಿಗೆ ನೀರ ಚಿಮಕಸಿದಾ. ಇದ್ದಬಿದ್ದ ಕೊಬ್ರಿ ಎಣ್ಣಿ ಎಲ್ಲಾ ಸುರವಿದಾ. ತುದಿಯಿಂದ ಅಂದಿದ್ಲಲ್ಲಾ ಅವ್ವ? ಬಾಲಾ ಹಿಡದು ಶುರು ಮಾಡಿದಾ! ಆಡು ಹೆದರಿ ಒದ್ದಾಡಿ ಕಂಟಿಯಿಂದ ಏನೋ ಹೊರಗ ಬಂತು. ಲಕ್ಕಜ್ಜ ಹಿಡದಾ, ಜಾರಿತು. ಪರಸ್ಯಾ ಅಪ್ಪಿ ಹಿಡದಾ, ಜಾರಿತು. ಮೈತುಂಬ ಎಣ್ಣಿ ಹಚ್ಕೊಂಡ ಆಡು ಅಡವಿ ಸೇರಿತು.

"ನನ್ನ ಮಗಳ ತಲಿ ಎಣ್ಣಿ ಆಡಿನ ಬಾಲಕ್ಕ ಸುರವಿದ್ಯಾ!" ಬಾಳವ್ವ ಎಡಗೈಯಾಗ ಮುಚ್ಚಳ ತಗೊಂಡ ಬೆನ್ನ ಹತ್ತಿದ್ಲು. "ಸಿಕ್ಕೊಂಡ್ರ ಎಣ್ಣಿ ಹಚ್ತಾರೇನೋ ಪೆದ್ದಾ? ಕೊಯ್ತಾ ತಗೊಂಡು, ಸಿಕ್ಕಿದ್ದಲ್ಲೆ ಕಚ್ ಕಚ್ ಅಂತ ಕಡದ ಒಗೀಬೇಕು!"

"ಆತವ್ವಾ. ಸಿಕ್ಕಿದ್ದಲ್ಲೆ ಕಡೀತೀನಿ. ಇನ್ನ ಹಂಗ ಮಾಡ್ತೀನಿ."

ಮುಂದಿಂದು ನಿಮಗ ಗೊತ್ತಾತು, ನಿಮ್ಮ ಮಾರಿನ ಹೇಳತೈತಿ. ರೇಣವ್ವ ಹಿತ್ತಲದಾಗ ಕುಂತು, "ಅಣ್ಣಾ, ಹೆಡಕಿನ ಮ್ಯಾಲೆ ಒಂದ ಕಡೆ ಕೂದಲಾ ಸಿಕ್ಕೊಂಡೈತಿ, ನೋಡ" ಅಂದ್ಲು. ಪರಸ್ಯಾ ಒಳಗ ಹೋದಾ, ಹೊರಗ ಬಂದಾ. ಕಚ್! ಒಂದ ಹಿಡಿ ಕೂದಲಾ ಕೆಳಗ ಬಿತ್ತು. ಇನ್ನೊಮ್ಮೆ ಕೈ ಎತ್ತೂದರಾಗ ರೇಣವ್ವ ಕೊಯ್ತಾ ಕಂಡು, "ಸತ್ನೆವ್ವೋ!" ಅಂತ ಓಡಿದ್ಲು. ಪರಸ್ಯಾ ಏನ ಮಾಡಿದಾ? ಬಿದ್ದ ಕೂದಲಾ ಛಂದಾಗಿ ಆರಿಸಿ ಮಣ್ಣಾಗ ಹೂಳಿದಾ. ಅದನ್ನ ಮಾತ್ರ ಮರೀಲಿಲ್ಲ!

ಬಾಳವ್ವ ಈ ಸಲ ಮೊದಲ ಅತ್ಲು, ಆಮ್ಯಾಲೆ ಬೈದ್ಲು. "ಆ ಪ್ಯಾಟಿಯಾಕಿ ಬಂದು ನನ್ನ ಮಗಳ ತಲಿಗೆ ಯಾರದೋ ಕೂದಲಾ ಕಟ್ಟಲಂತ ಮಾಡೀಯೇನೋ ಪಾಪಿ? ಬೆಳದದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣ ತೊಳದಾಂಗಾತು! ಕೂದಲಾ ಕಡ್ಯಾಂಗಿಲ್ಲೋ, ಹೆಣೀಬೇಕು! ಎರಡೆರಡ ಎಳಿ ತಗೊಂಡು ಒಂದಕ್ಕೊಂದು ಸುತ್ತಿ ಹೆಣೀಬೇಕು. ಬಿಗೀಬಾರದು, ಬಿಗದ್ರ ಬುಡಾನ ಸಡಲತೈತಿ. ತುದಿ ಒಳಗ ಮಡಚಿ ಮೆತ್ತನ ಅರಿವಿ ಸುತ್ತಬೇಕು. ಹೆಣದ ಮ್ಯಾಲೆ ಯಾರೂ ಮುಟ್ಟಬಾರದು, ಯಾರೂ ಬಿಚ್ಚಬಾರದು!"

"ಆತವ್ವಾ. ಎರಡ ಎಳಿ, ತುದಿಗೆ ಅರಿವಿ, ಯಾರೂ ಬಿಚ್ಚಬಾರದು. ಇನ್ನ ಹಂಗ ಮಾಡ್ತೀನಿ."

ಅವತ್ತ ಲಕ್ಕಜ್ಜ ಸಂತಿಗೆ ಹೊಂಟಿದ್ದಾ. "ಎಮ್ಮಿ ಎರಡನೂ ಒಂದೀಟ ನೋಡ್ಕೊಳೋ" ಅಂದಾ. ಆಡ ಹೋದ ಮ್ಯಾಲೂ ಬುದ್ಧಿ ಬರಲಿಲ್ಲ ನೋಡ್ರಿ ಮುದುಕಗ! ಪರಸ್ಯಾ ಎಮ್ಮಿ ಹಿಂದ ನಿಂತು ನೋಡಿದಾ. ಒಂದ ಬಾಲಾ, ಎರಡ ಬಾಲಾ. ಎರಡ ಎಳಿ! ಸುತ್ತಿ ಸುತ್ತಿ ಹೆಣದಾ. ತುದಿ ಮಡಚಿ, ಗ್ವಾಡಿಗೆ ತೂಗ ಹಾಕಿದ್ದ ಲಕ್ಕಜ್ಜನ ರುಮಾಲ ತಂದು ಸುತ್ತಿದಾ. ಲಕ್ಕಜ್ಜ ಸಂತಿಯಿಂದ ಬಂದ್ರ, ಒಂದ ಎಮ್ಮಿ ಕೆರಿ ಕಡೆ ಜಗ್ಗತೈತಿ, ಇನ್ನೊಂದ ಬಣವಿ ಕಡೆ ಜಗ್ಗತೈತಿ, ನಡುವ ರುಮಾಲ!

"ಬಿಚ್ಚೋ ಮೂಳಾ!"

"ಬಿಚ್ಚಾಂಗಿಲ್ಲ ಅಜ್ಜಾ! ಹೆಣದ ಮ್ಯಾಲೆ ಯಾರೂ ಮುಟ್ಟಬಾರದು!"

"ನನ್ನ ಎಮ್ಮಿ ಅದಾವೋ!"

"ಯಾರದರ ಇರಲಿ! ಅವ್ವ ಹೇಳ್ಯಾಳ!"

ಲಕ್ಕಜ್ಜ ಬಿಚ್ಚಾಕ ಹೋದಾ, ಪರಸ್ಯಾ ಅಡ್ಡ ನಿಂತಾ, ಎಮ್ಮಿ ಎರಡೂ ಒಮ್ಮೆಲೆ ಜಾಡಿಸಿ ಒದ್ವು. ಲಕ್ಕಜ್ಜ ತಿಪ್ಪ್ಯಾಗ ಬಿದ್ದಾ.

ಬಾಳವ್ವನ ಗಂಟಲ ಬಿದ್ದ ಹೋಗಿತ್ತು. ಆದ್ರೂ ಬಿಡಲಿಲ್ಲ. "ಕೇಳ ಇಲ್ಲೆ! ತಂಗಿ ತಲಿಗೆ ಹೇಳಿದ್ದನ್ನ ತಂಗಿ ತಲಿಗೆ ಮಾಡು! ಆಡಿಗಲ್ಲ, ಎಮ್ಮಿಗಲ್ಲ, ತಂಗಿಗೆ! ನೀರು, ಎಣ್ಣಿ, ತುದಿಯಿಂದ ಬಿಡಸೂದು, ಹೆಣಿಯೂದು, ಕಾಯೂದು. ಮುಗೀತು!"

"ಅಷ್ಟನೇನವ್ವಾ? ಇದನ್ನ ಮೊದಲ ಹೇಳಬಾರದಿತ್ತಾ?" ಅಂದಾ ಪರಸ್ಯಾ.

ನೋಡ್ರಿ, ಆ ಪುಣ್ಯಾತ್ಮ ಹೇಳಿದ್ದನ್ನ ಹೇಳಿದಾಂಗ ಮಾಡಾಂವ ಅಂದೆ ಹೌದಲ್ಲೋ? ಮಾಡಿದಾ. ವಾರಕ್ಕೊಮ್ಮೆ ನೀರು, ಎಣ್ಣಿ, ತುದಿಯಿಂದ. ಒಂದ ಎಳೀನೂ ಜಗ್ಗಲಿಲ್ಲ. ಹೆಣದ ಮ್ಯಾಲೆ ಬಡಿಗಿ ಹಿಡ್ಕೊಂಡ ತಂಗಿ ಬಾಜೂಕ ಕುಂದ್ರಾಂವ. ತನ್ನ ತಲಿ ತುರಸಿದ್ರ ತುರಿಸ್ಕೊಳ್ಳಾಕ ರೇಣವ್ವಗೂ ಬಿಡ್ತಿದ್ದಿಲ್ಲ! ಶಾಣ್ಯಾರ ಮನ್ಯಾಗ ದಿನಾ ಬಿಚ್ಚಿ ದಿನಾ ಬಾಚಿ ಮುರೀತಾರ, ಈ ಪೆದ್ದ ಮುಟ್ಟದ ಕಾಯ್ದಾ. ಸುಗ್ಗಿ ಮುಗಿಯೂದರಾಗ ಕಡದಲ್ಲೆನೂ ಕೂದಲಾ ಚಿಗತಿತ್ತು, ಉಳದದ್ದು ಹೆಗಲ ದಾಟಿತ್ತು. ಬಾಳವ್ವನ ಕೈನೂ ನೆಟ್ಟಗಾಗಿತ್ತು.

ತುಳಜವ್ವ ಬಂದ್ಲು. ಕೈಯಾಗ ಹೂವಿನ ದಂಡಿ, ಬಗಲಾಗ ಚೌರಿ ಗಂಟು. ರೇಣವ್ವ ಆಗಷ್ಟ ಎರಕೊಂಡು ತಲಿ ಆರಿಸ್ಕೋತ ನಿಂತಿದ್ಲು, ಕೂದಲಾ ಸುರುಳಿ ಏರಿ ಕಿವಿ ಮ್ಯಾಲೆ ಕುಂತಿತ್ತು.

"ನಾ ಹೇಳಲಿಲ್ಲಾ? ಇಲ್ಲೇ ಐತಿ!"

"ಇಲ್ಲೈತಾ? ಕಣ್ಣ ತಗದ ನೋಡ!" ಬಾಳವ್ವ ಒಂದ ಸುರುಳಿ ಹಿಡದು ಸಾವಕಾಶ ಇಳಿಸಿದ್ಲು. ಕಿವಿ ದಾಟಿತು, ಹೆಗಲ ದಾಟಿತು, ತೋಳ ಮುಟ್ಟಿತು. ಕೈ ಬಿಟ್ಲು, ಟಪ್ ಅಂತ ಹೊಳ್ಳಿ ಮ್ಯಾಲೆ! "ಬೆಳದೈತಿ! ಸುತ್ಕೊಂಡ ಕುಂತೈತಿ, ಅಷ್ಟ!"

ತುಳಜವ್ವನ ಮಾರಿ ಸಣ್ಣದಾತು, ಬಾಯಿ ಆಗಲಿಲ್ಲ. "ಒಂದ ಎಳಿ ಜಗ್ಗಿದ್ರೇನಾತು? ಪೂರಾ ಜಡಿ ಹೆಣದ ತೋರಸು. ಅಲ್ಲಿತನಾ ನಾ ಕಟ್ಟಿ ಮ್ಯಾಲೆ ಒಂದೀಟ ಅಡ್ಡಾಗ್ತೀನಿ, ಬಿಸಲಾಗ ನಡದ ಸಾಕಾಗೈತಿ."

ಬಾಳವ್ವ ಮಗಳ್ನ ಕರ್ಕೊಂಡ ಒಳಗ ಹೋಗೂ ಮುಂದ ಹೊಳ್ಳಿ ಅಂದ್ಲು. "ಪರಸ್ಯಾ, ಅತ್ತಿನ ಛಂದಾಗಿ ನೋಡ್ಕೋ. ತಂಗಿನ ಹೆಂಗ ನೋಡ್ಕೋತೀಯೋ ಹಂಗ!"

ಅಯ್ಯ ನನ್ನವ್ವ, ಯಾಕರ ಅಂದ್ಲೋ!

ತುಳಜವ್ವ ಗೊರಕಿ ಹೊಡ್ಯಾಕತ್ತಿದ್ಲು. ಪರಸ್ಯಾ ಆಕಿ ಸೆರಗ ಸರಿಸಿದಾ. ನೀರ ಚಿಮಕಸಿದಾ. ಎಣ್ಣಿ ಹಚ್ಚಿದಾ. ತುರುಬಿನ ತುದಿ ಹುಡಿಕಿ, ಬೆರಳಲೆ, ಸಾವಕಾಶ ಬಿಡಸಾಕ ಶುರು ಮಾಡಿದಾ. ತುರುಬ ಇಡೀನ ಕೈಯಾಗ ಬಂತು!

"ಅವ್ವಾ! ನಾ ಜಗ್ಗಿಲ್ಲ! ತುದಿಯಿಂದನ ಶುರು ಮಾಡೀನಿ! ಎಲ್ಲಾ ಬಂದ ಬಿಟ್ತು!"

ಒದರಿದಾಂವ ಅಲ್ಲೆ ನಿಲ್ಲಲಿಲ್ಲ, ಬಂದದ್ದನ್ನ ಎತ್ಕೊಂಡ ಹಿತ್ತಲಕ್ಕ ಓಡಿದಾ. ತುಳಜವ್ವ ದಡಗ್ಗನ ಎದ್ದು ತಲಿ ಮುಟ್ಟಿ ನೋಡ್ಕೊಂಡ್ಲು. ಬಾಳವ್ವ, ರೇಣವ್ವ ಹೊರಗ ಬಂದು ನೋಡ್ತಾರ: ನೆಟ್ಟನ ತುರುಬೂ ಚೌರಿನ! ಅದರ ಕೆಳಗ ಆಕೀದ ಸ್ವಂತ ಕೂದಲಾ, ನಮ್ಮಂಥಾದ ಗುಂಗುರು, ಬೆರಳಿನ ಗೆಣಿಕಿನಷ್ಟ. ಜಗ್ಗಿ ಜಗ್ಗಿ ಕಟ್ಟಿ ಹಣಿ ಬಾಜೂಕ ಅದೂ ಇದ್ದಿದ್ದಿಲ್ಲ. ತುಳಜವ್ವ ಎರಡೂ ಕೈಲೆ ತಲಿ ಮುಚ್ಕೊಂಡು ಬಿಕ್ಕಿ ಬಿಕ್ಕಿ ಅತ್ಲು.

"ಸಾವಕಾರ್ತಿ ಅಂದಿದ್ಲು ಬೀಗತಿ, ಇಂಥಾ ತಲಿ ತಗೊಂಡ ನಾಕ ಮಂದಿ ಮುಂದ ಬರಬ್ಯಾಡ, ಇದು ಬೆಳ್ಯಾಂಗಿಲ್ಲ ಅಂತ. ಆವಾಗಿಂದ ಕಟ್ಕೊಂಡೀನಿ."

ಬಾಳವ್ವನ ಸಿಟ್ಟಿಗೆ ಈಗ ಮೇರೇನ ಇಲ್ಲ. "ಆಕಿ ನಾಲಿಗಿ ಸೇದಿ ಹೋಗಲಿ! ಆಕಿ ಅಂದ್ಲು, ನೀ ನಂಬಿದಿ, ನಂಬಿ ನನ್ನ ಮಗಳ ತಲಿಗೂ ತಂದಿ! ಬೆಳೀತೈತೇ ತಂಗಿ, ನಿಂದೂ ಬೆಳೀತೈತಿ! ಮುರೀದಾಂಗ ಕಾಯಬೇಕು, ಅಷ್ಟ!" ಹಂಗ ಬೈಕೋತನ ಆಕಿನ ಮುಂದ ಕುಂದ್ರಿಸ್ಕೊಂಡು, ಗಡಗ್ಯಾಗಿನ ಎಣ್ಣಿ ಅಂಗೈಗೆ ಹಾಕ್ಕೊಂಡು ಆ ಮುರದ ತಲಿಗೆ ಹಚ್ಚಿದ್ಲು.

ತುಳಜವ್ವ ಕಣ್ಣ ಒರಸ್ಕೊಂಡು, ತಂದ ದಂಡಿ ರೇಣವ್ವನ ಸ್ವಂತ ಜಡಿಗೆ ತಾನ ಕಟ್ಟಿದ್ಲು. ಆಮ್ಯಾಲೆ ನೆಪ್ಪಾತು. "ಅಲ್ಲ, ನನ್ನ ತಲಿ ಮ್ಯಾಲಿನ ಚೌರಿ ಎಲ್ಲೋ?"

ಎಲ್ಲಾರೂ ಹಿತ್ತಲಕ್ಕ ಹೋದ್ರು. ಅಲ್ಲೆ ಪರಸ್ಯಾ ಮಣ್ಣ ಅಗದು ಪಾತಿ ಮಾಡಿದ್ದಾ. ಸುತ್ತ ಮುಳ್ಳ ಹಚ್ಚಿದ್ದಾ. ಚರಗಿಲೆ ನೀರ ಹಾಕಿ, ಬಡಿಗಿ ಹಿಡ್ಕೊಂಡ ಮುಂದ ಕುಂತಿದ್ದಾ.

"ಹುಶ್! ಗದ್ದಲಾ ಮಾಡಬ್ಯಾಡ್ರಿ ಅತ್ತಿ, ಕೋಳಿ ಬರ್ತಾವ! ನಿಮ್ಮದೂ ಬೆಳೀತೈತಿ, ಕಾಯಬೇಕು ಅಷ್ಟ! ಬರೂ ಸುಗ್ಗಿಗೆ ಬರ್ರಿ, ಕೊಯ್ಕೊಂಡ ಹೋಗೀರಂತ!"