ಒಲೆಗೆ ಬಿಡುವು ಕೊಟ್ಟ ಬಾಬಾಜಿ

ಈ ಪ್ರಸಂಗವನ್ನು ನಮಗೆ ಮೊದಲು ಹೇಳಿದವರು ತೊರವಿಯ ಶ್ಯಾಮಣ್ಣನವರು. ಅವರು ನವದ್ವೀಪದ ಯಾತ್ರೆಗೆ ಹೋದಾಗ ಜ್ವರ ಬಂದು, ಜಲಂಗಿ ನದಿಯ ದಡದ ಮೌಡಾಂಗಾ ಎಂಬ ಹಳ್ಳಿಯಲ್ಲಿ ಒಂದು ಮನೆಯವರ ಆರೈಕೆಯಲ್ಲಿ ಉಳಿಯಬೇಕಾಯಿತು. ಆ ಮನೆಯ ಅಜ್ಜಿ ಗಂಜಿ ಕುಡಿಸುತ್ತಾ ತಮ್ಮ ಅತ್ತೆಯ ಕಾಲದ ಈ ಕಥೆಯನ್ನು ಹೇಳಿದರಂತೆ. ಶ್ಯಾಮಣ್ಣನವರು ಪ್ರತಿ ಧನುರ್ಮಾಸದಲ್ಲಿ ಹುಗ್ಗಿಯ ಪ್ರಸಾದ ಹಂಚಿದ ಮೇಲೆ ಇದನ್ನು ಹೇಳದೆ ಎದ್ದವರಲ್ಲ.

ಜಲಂಗಿ ಒಂದು ಕಡೆ ನೆಲೆ ನಿಲ್ಲುವ ನದಿಯಲ್ಲ. ಈ ದಡ ಕೊರೆದು ಆ ದಡಕ್ಕೆ ಮಣ್ಣು ತುಂಬುತ್ತದೆ. ದಾರಿ ಬದಲಿಸಿದಾಗ ಹಳೆಯ ಪಾತ್ರದಲ್ಲಿ ಕೆರೆಯಂಥ ನೀರನ್ನು ಬಿಟ್ಟು ಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಭತ್ತ. ಮಳೆ ಹಿಂದಾಗುತ್ತಲೇ ಸೆಣಬನ್ನು ನೀರಿನಲ್ಲಿ ಕೊಳೆಹಾಕುವ ಕೆಲಸ, ಆಗ ಊರೆಲ್ಲ ಅದರದೇ ವಾಸನೆ. ಚಳಿಗಾಲಕ್ಕೆ ಸಾಸಿವೆ ಹೊಲಗಳು ಹಳದಿಯಾಗುವ ಹೊತ್ತಿಗೆ ಬದುಗಳ ಮೇಲಿನ ಈಚಲು ಮರಗಳಿಗೆ ಗಡಿಗೆ ಏರುತ್ತವೆ. ನಮ್ಮ ಕಡೆ ಈಚಲು ಎಂದೊಡನೆ ಹೆಂಡದ ನೆನಪು. ಅಲ್ಲಿ ಅದರ ರಸವನ್ನು ಬಿಸಿಲೇರುವ ಮೊದಲೇ ಇಳಿಸಿ, ಕಾಯಿಸಿ ಬೆಲ್ಲ ಮಾಡುತ್ತಾರೆ. ಆ ಬೆಲ್ಲದ ಪರಿಮಳ ಬೀದಿಯ ಕೊನೆಯವರೆಗೂ ಬರುತ್ತದಂತೆ.

ನದಿ ಬಿಟ್ಟುಹೋದ ಅಂಥ ಒಂದು ನೀರಿನ ಪಕ್ಕದಲ್ಲಿ, ಸೆಣಬಿನ ಕಡ್ಡಿಯ ಗೋಡೆಯ ಗುಡಿಸಲಿನಲ್ಲಿ ತೃಣದಾಸ ಬಾಬಾಜಿಯವರು ವಾಸವಾಗಿದ್ದರು. ಒಂದು ಕಮಂಡಲು, ಒಂದು ಚಾಪೆ, ಅಂಗೈಯಷ್ಟು ದೊಡ್ಡ ಗೋವಿಂದನ ಮೂರ್ತಿ, ಇಷ್ಟೇ ಅವರ ಸಂಸಾರ. ನೇಕಾರರು, ಬೆಸ್ತರು, ನದಿಯಾಚೆಯ ಮುಸಲ್ಮಾನ ರೈತರು ಎಲ್ಲರೂ ಬಂದು ಅವರ ಬಳಿ ಕುಳಿತು ಹೋಗುತ್ತಿದ್ದರು. ಬಾಬಾಜಿಯವರು ಆಡುತ್ತಿದ್ದ ಮಾತು ಕಡಿಮೆ.

ಆ ಊರಿನ ಹಾರಾಧನ ಮಾತ್ರ ಅತ್ತ ತಲೆ ಹಾಕಿದವನಲ್ಲ. ಅವನು ಈಚಲು ಮರ ಹತ್ತಿ ರಸ ಇಳಿಸುವವನು. “ಕೆಲಸ ಇಲ್ಲದವರಿಗೆ ಭಜನೆ. ನನಗೆ ಮರ ಇದೆ” ಎನ್ನುತ್ತಿದ್ದ. ಹಗ್ಗ ಸೊಂಟಕ್ಕೆ, ಕತ್ತಿ ಬೆನ್ನಿಗೆ ಕಟ್ಟಿಕೊಂಡು ಅವನು ಮರ ಹತ್ತಿದರೆ ಅಳಿಲೂ ನಿಂತು ನೋಡಬೇಕು. ಅವನು ಇಳಿಸಿದ ರಸವನ್ನು ಕಾಯಿಸಿ ಬೆಲ್ಲ ಮಾಡುವವಳು ಹೆಂಡತಿ ಕ್ಷಾಂತಮಣಿ. ಅವಳ ಕೈಯ ಬೆಲ್ಲವೆಂದರೆ ಪೇಟೆಯ ಮಿಠಾಯಿ ಅಂಗಡಿಯ ಭೂತನಾಥ ತಾನೇ ದೋಣಿ ಕಳಿಸುತ್ತಿದ್ದ.

ಆ ಕೆಲಸಕ್ಕೊಂದು ಕಟ್ಟಳೆಯುಂಟು. ಮೂರು ದಿನ ರಸ ಇಳಿಸಿದ ಮರಕ್ಕೆ ಮುಂದಿನ ಮೂರು ದಿನ ಕತ್ತಿ ತಾಗಿಸಬಾರದು. ಹಾರಾಧನನಿಗೆ ಮೊದಲು ಇದ್ದುದು ಒಂದೇ ತೋಪು. ಮರಕ್ಕೆ ಬಿಡುವಿದ್ದಾಗ ಒಲೆಗೂ ತಾನಾಗಿ ಬಿಡುವು. ಆ ವರ್ಷ ಅವನು ನದಿಯಾಚೆಯ ಇನ್ನೊಂದು ತೋಪನ್ನೂ ಹಿಡಿದ. ಈಚೆ ತೋಪು ಮಲಗಿದರೆ ಆಚೆಯದು ಸುರಿಯಬೇಕು. “ನಮ್ಮನೆ ಒಲೆ ಆರೋದೇ ಇಲ್ಲ ಕಣ್ರೋ” ಎಂದು ಸಂತೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ.

ಪುಷ್ಯ ಮಾಸ ಬರುವಷ್ಟರಲ್ಲಿ ಬೆಲ್ಲ ಸೀಯತೊಡಗಿತು. ಭೂತನಾಥ ಒಂದು ಚೂರು ಬಾಯಿಗೆ ಹಾಕಿಕೊಂಡು ಉಗುಳಿದ. “ಏನಯ್ಯಾ ಹಾರಾಧನ, ಬೆಲ್ಲ ಮಾಡಿದೆಯೋ, ಇದ್ದಲು ಸುಟ್ಟೆಯೋ? ಸಂಕ್ರಾಂತಿಯ ಸಿಹಿಗೆ ಇದನ್ನು ಹಾಕಿದರೆ ಜನ ನನ್ನ ಅಂಗಡಿಗೇ ಬೆಂಕಿ ಹಾಕ್ತಾರೆ. ಇನ್ನೊಂದು ಸಲ ಹೀಗಾದರೆ ನಿನ್ನ ಮನೆಗೆ ದೋಣಿ ಬರಲ್ಲ.”

ಹಾರಾಧನ ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ. ಅವಳು, “ಕಣ್ಣು ಕತ್ತಲೆ ಬರತ್ತೆ. ಏನೋ, ಗೊತ್ತಾಗ್ತಿಲ್ಲ” ಎಂದಷ್ಟೇ ಹೇಳಿದಳು. ಯಾರದೋ ಕೆಟ್ಟ ದೃಷ್ಟಿ ಒಲೆಗೆ ತಾಗಿದೆ ಎಂದು ಅವನು ತೀರ್ಮಾನಿಸಿದ. ಬೇರೆ ದಾರಿ ಕಾಣದೆ ಮರುದಿನ ಬೆಳಿಗ್ಗೆ ಒಂದು ಗಡಿಗೆ ರಸ ಹಿಡಿದು ಬಾಬಾಜಿಯವರ ಗುಡಿಸಲ ಮುಂದೆ ನಿಂತ.

“ಒಲೆಗೆ ಕಟ್ಟೋಕೆ ಒಂದು ತಾಯಿತ ಕೊಡಿ, ಬಾಬಾಜಿ. ನಿಮ್ಮ ಗೋವಿಂದನಲ್ಲಿ ನಿಜವಾಗಿ ಏನಾದರೂ ಇದ್ದರೆ ನೋಡೇ ಬಿಡೋಣ.”

ಬಾಬಾಜಿಯವರು ನಕ್ಕು ರಸವನ್ನು ಗೋವಿಂದನಿಗೆ ತೋರಿಸಿ, ಒಂದು ಗುಟುಕು ಕುಡಿದರು. “ರಸ ಚೆನ್ನಾಗಿದೆಯಲ್ಲಪ್ಪಾ. ಮರಗಳು ಸೌಖ್ಯವೇ?”

ಮರದ ಮಾತು ಬಂದಾಗ ಹಾರಾಧನ ಎದೆಯುಬ್ಬಿಸಿದ. “ಸೌಖ್ಯವಿಲ್ಲದೆ ಏನು? ಲೆಕ್ಕ ತಪ್ಪದೆ ಮೂರು ದಿನ ಬಿಡ್ತೀನಿ. ಬಿಡದೆ ಕೊಯ್ದರೆ ಮರ ಸತ್ತೇಹೋಗತ್ತೆ. ಅದೂ ಜೀವವೇ ತಾನೇ, ಬಾಬಾಜಿ!”

ಬಾಬಾಜಿಯವರು ಕಮಂಡಲು ಕೈಗೆತ್ತಿಕೊಂಡರು. “ನಡಿ, ಒಲೆ ನೋಡೋಣ.”

ಅಂಗಳಕ್ಕೆ ಬರುವಾಗಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಅಗಲ ಬಾಣಲೆಯಲ್ಲಿ ರಸ ಕಪ್ಪಾಗಿ ತಳ ಹಿಡಿಯುತ್ತಿತ್ತು. ಕ್ಷಾಂತಮಣಿ ಕುಳಿತಲ್ಲೇ, ಸೌಟು ಕೈಯಲ್ಲಿರುವಂತೆಯೇ ತೂಕಡಿಸಿದ್ದಳು. ಸೀರೆಯ ಸೆರಗು ಒಲೆಯ ಬಾಯಿಗೆ ಗೇಣು ದೂರದಲ್ಲಿ ಬಿದ್ದಿತ್ತು. ಹಾರಾಧನ ಕೂಗಲು ಬಾಯಿ ತೆರೆದ. ಬಾಬಾಜಿಯವರು ಬೆರಳೆತ್ತಿ ತಡೆದರು. ಮೊದಲು ಸೆರಗನ್ನು ಈಚೆ ಸರಿಸಿದರು. ಆಮೇಲೆ ಮಗುವಿನ ಕೈಯಿಂದ ಆಟಿಕೆ ಬಿಡಿಸುವ ಹಾಗೆ ಸೌಟನ್ನು ಬಿಡಿಸಿಕೊಂಡರು. ಅವಳಿಗೆ ಎಚ್ಚರವೇ ಆಗಲಿಲ್ಲ. ಬಾಬಾಜಿಯವರು ಮೆಲ್ಲಗೆ ಕೇಳಿದರು:

“ಮರಕ್ಕೆ ಮೂರು ದಿನ. ಈ ತಾಯಿಗೆ?”

ಹಾರಾಧನನ ಕಣ್ಣು ಹೆಂಡತಿಯ ಮುಂಗೈಯ ಮೇಲೆ ಬಿತ್ತು. ಕುದಿಯುವ ರಸ ಸಿಡಿದ ಕಲೆಗಳು ಮಣಿಕಟ್ಟಿನಿಂದ ಮೊಣಕೈವರೆಗೆ ಒಂದರ ಮೇಲೊಂದು ಏರಿದ್ದವು, ಹಳೆಯವು ಮಾಸಿ, ಹೊಸವು ಕೆಂಪಾಗಿ. ಈಚಲು ಮರದ ಮೈಮೇಲೆ ವರ್ಷಕ್ಕೊಂದರಂತೆ ಕತ್ತಿಯ ಗಾಯ ಏರುತ್ತದೆ. ಆ ಗಾಯ ನೋಡಿ ಮರ ಎಷ್ಟು ದಣಿದಿದೆಯೆಂದು ಅವನು ದೂರದಿಂದಲೇ ಹೇಳಬಲ್ಲ. ಈ ಕೈಯನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಮೈ ಮುಟ್ಟಿದ. ಸುಡುತ್ತಿತ್ತು.

ಸ್ಪರ್ಶಕ್ಕೆ ಕಣ್ಣು ಬಿಟ್ಟ ಕ್ಷಾಂತಮಣಿ ಬಾಬಾಜಿಯವರ ಕೈಯಲ್ಲಿ ಸೌಟು ಕಂಡು ಹೌಹಾರಿದಳು. “ಅಯ್ಯೋ, ಬಾಬಾಜಿ, ಇದೇನು! ನಮಗೆ ಪಾಪ ಸುತ್ತಿಕೊಳ್ಳತ್ತೆ. ಕೊಡಿ ಇತ್ಲಾಗೆ.”

“ಮಲಗು ತಾಯಿ. ಇವತ್ತು ಇದು ಗೋವಿಂದನ ಒಲೆ.”

ಮೂರು ದಿನ ಬಾಬಾಜಿಯವರೇ ಸೌಟು ಹಿಡಿದರು. ಹಾರಾಧನ ಒಲೆಗೆ ಸೋಗೆ ತುರುಕುತ್ತಾ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಕುಳಿತ. ನಡುನಡುವೆ ಎದ್ದು ಒಳಗೆ ಹೋಗಿ ಹೆಂಡತಿಯ ಹಣೆಯ ಒದ್ದೆ ಬಟ್ಟೆ ಬದಲಿಸಿ ಬರುತ್ತಿದ್ದ. ಮಹಾತ್ಮರ ಕೈಯ ಬೆಲ್ಲ ಹೇಗಿತ್ತೆಂದು ಕೇಳುತ್ತೀರೋ? ಇದ್ದದ್ದು ಇದ್ದ ಹಾಗೆ ಹೇಳಬೇಕು, ಸೀದೇ ಹೋಗಿತ್ತು. ಬಾಬಾಜಿಯವರು ಅದನ್ನೇ ಗೋವಿಂದನ ಮುಂದಿಟ್ಟು, ಮಂಡಕ್ಕಿಯೊಡನೆ ತಿಂದು, “ಅವನೇನೂ ಮುಖ ಸಿಂಡರಿಸಲಿಲ್ಲ” ಎಂದರು.

ಭೂತನಾಥ ಬಂದವನು ರುಚಿ ನೋಡಿ, “ಮತ್ತೆ ಅದೇ ಇದ್ದಲು!” ಎಂದು ರೇಗಿದ. ಮಾಡಿದವರು ಯಾರೆಂದು ತಿಳಿದಾಗ ಬಾಯಲ್ಲಿದ್ದುದನ್ನು ಉಗುಳಲೂ ಆಗದೆ ನುಂಗಲೂ ಆಗದೆ ಕೈಮುಗಿದು ನಿಂತ. ಒಳಗಿನಿಂದ ಕ್ಷಾಂತಮಣಿ ನಕ್ಕ ಸದ್ದು ಕೇಳಿಸಿತು. ಆ ಚಳಿಗಾಲದಲ್ಲಿ ಹಾರಾಧನ ಆ ನಗು ಕೇಳಿದ್ದು ಅದೇ ಮೊದಲು.

ಅವನು ಆ ಸಂಜೆಯೇ ದೋಣಿ ಹತ್ತಿ ಹೋಗಿ ಆಚೆ ದಡದ ತೋಪನ್ನು ಬಿಟ್ಟುಕೊಟ್ಟು ಬಂದ.

ಜ್ವರ ಇಳಿದು ಕ್ಷಾಂತಮಣಿ ಮತ್ತೆ ಒಲೆಯ ಮುಂದೆ ಕುಳಿತ ದಿನ, ಬಿಡುವು ಮುಗಿಸಿದ ಮರಗಳು ಮೊದಲ ರಸ ಕೊಟ್ಟಿದ್ದವು. ಬಿಡುವಿನ ನಂತರದ ರಸಕ್ಕೆ ಸಿಹಿ ಹೆಚ್ಚು. ಅಂದಂತೂ ಬಾಣಲೆಯಿಂದ ಎದ್ದ ಪರಿಮಳಕ್ಕೆ ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ತಲೆಯೆತ್ತಿದರಂತೆ. ಮೊದಲ ಅಚ್ಚನ್ನು ಗಂಡಹೆಂಡಿರು ಗುಡಿಸಲಿಗೆ ಒಯ್ದು ಅರ್ಪಿಸಿದರು. ಬಾಬಾಜಿಯವರು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಹಾರಾಧನ ಪಾದದ ಮೇಲೆ ಬಿದ್ದು, “ತಾಯಿತ ಕೇಳಿದ್ದೆ, ಬಾಬಾಜಿ. ನೀವು ನನ್ನ ಮನೆಯನ್ನೇ ಉಳಿಸಿಕೊಟ್ಟಿರಿ” ಎಂದು ಅತ್ತ.

ಬಾಬಾಜಿಯವರು ಅವನನ್ನು ಎಬ್ಬಿಸಿ, “ಆ ಮಾತು ಅವಳಿಗೆ ಹೇಳಪ್ಪಾ” ಎಂದರು.

ರಸದ ಕಾಲ ಮುಗಿದಾಗ ಪ್ರತಿ ಮರವನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಹಾರಾಧನನ ಮನೆತನದ ಪದ್ಧತಿ. ಆ ವರ್ಷ ಅವನು ತೋಪಿನಿಂದ ನೇರ ಮನೆಗೆ ಬಂದು ಕ್ಷಾಂತಮಣಿಯ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡ. “ಥೂ, ಯಾರಾದರೂ ನೋಡ್ತಾರೆ!” ಎಂದಳು, ಆದರೆ ಕೈ ಎಳೆದುಕೊಳ್ಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಮರಕ್ಕೆ ಬಿಡುವಿರುವ ದಿನ ಬೆಲ್ಲದ ಒಲೆ ಹೊತ್ತುವುದಿಲ್ಲ; ಅನ್ನದ ಒಲೆಯ ಮುಂದೆ ಗಂಡಸರು ಕೂರುತ್ತಾರೆ. ಶ್ಯಾಮಣ್ಣನವರಿಗೆ ಜ್ವರದಲ್ಲಿ ಸಿಕ್ಕಿದ ಗಂಜಿಯನ್ನು ಕಾಯಿಸಿದವನೂ ಆ ಅಜ್ಜಿಯ ಮಗ, ಅಂದರೆ ಕ್ಷಾಂತಮಣಿಯ ಮೊಮ್ಮಗನೇ.

ಓದಿದ ಪುಣ್ಯಾತ್ಮರಲ್ಲಿ ಒಂದು ಬಿನ್ನಹ. ಈ ಕಥೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಒಲೆಯ ಮುಂದೆ ಕುಳಿತವರಿಗೆ ಹೇಳಿ. ಹೇಳುವಷ್ಟು ಹೊತ್ತು ಸೌಟು ನಿಮ್ಮ ಕೈಯಲ್ಲಿರಲಿ.