ಎಡಬಾಗಿಲಿನ ಹಟ

ತಾರಿಣಿ ಅಪ್ಪ-ಅಮ್ಮನಿಗೆ ಉಡುಗೊರೆಯಾಗಿ ಅವರ ಹಳೇ ಕಾರನ್ನು ತಾನೇ ಬಿಚ್ಚಿ ರಿಪೇರಿ ಮಾಡಿದಳು. ಎಡಬಾಗಿಲಿಗೆ ಹೊಸ ಹಿಡಿಕೆ ಬಂತು. ಹಳೆಯದು ಗುಜರಿ ಡಬ್ಬಕ್ಕೆ ಬಿತ್ತು.

"ಯಜಮಾನರು ಬಂದು ಎಳೆಯುವವರೆಗೂ ನೀನು ಅಮ್ಮನವರನ್ನು ಹೊರಗೇ ನಿಲ್ಲಿಸುತ್ತಿದ್ದೆಯಂತೆ! ನಾನು ಒಂದೇ ಬೆರಳಿಗೆ ತೆರೆಯುತ್ತೇನೆ," ಎಂದು ಹೊಸ ಹಿಡಿಕೆ ಹಂಗಿಸಿತು.

"ತೆರೆದು ನೋಡು," ಎಂದಿತು ಹಳೆಯದು.

ಅಮ್ಮ ಬಂದು ರೂಢಿಯಂತೆ ಬಾಗಿಲ ಬಳಿ ನಿಂತರು. ಅಪ್ಪ ಸುತ್ತಿ ಬಂದು, ಅವರ ಹೆಗಲು ಹಿಡಿದು, "ಸ್ವಲ್ಪ ಸರಿ ಮಾರಾಯ್ತಿ, ಇದರ ಹಟ ನನಗೊಬ್ಬನಿಗೇ ಗೊತ್ತು," ಎನ್ನುತ್ತಾ ಕೈ ಹಾಕಿದರು. ಮುಟ್ಟಿದ ಕೂಡಲೇ ಬಾಗಿಲು ತೆರೆದುಕೊಂಡಿತು.

"ಇನ್ನು ಮೇಲೆ ನಾನೇ ಬಾಗಿಲು ತೆಗೆಯಬಹುದು, ಬಿಡಿ," ಎಂದರು ಅಮ್ಮ. ಹೆಗಲ ಮೇಲಿನ ಕೈ ಇಳಿಯಿತು.

ಹೊಸ ಹಿಡಿಕೆ ಡಬ್ಬದ ಕಡೆ ನೋಡಿ ಬೇಡಿತು: "ಅಣ್ಣಾ, ಹಟ ಮಾಡುವುದನ್ನು ನನಗೂ ಕಲಿಸಿಕೊಡು."